ಮಿರಗದ ಮಳೆಗೆ ಮೊದಲು ಬಣ್ಣದ ಕೋಣೆ ಹಸನು ಮಾಡುವುದು ಹೇಗೆ

ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಕೆಲಗೇರಿ ಕೆರೆಯ ಮೇಲಿನ ಮೋಡ ಬರೆಯೋಣ ಅಂತ ಹತ್ತಿ ಕಾಗದದ ಹೊಸ ಹಾಳೆ ತೆಗೆದು ಬೋರ್ಡಿಗೆ ಅಂಟಿಸಿದೆ. ಅಗಲ ಬ್ರಷ್‌ನಿಂದ ತಿಳಿ ಬೂದು ಬಣ್ಣ ಎಳೆದೆ. ಬಣ್ಣ ಹರಡುತ್ತಾ ಹೋದ ಹಾಗೆ ಹಾಳೆ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ ಎದ್ದವು. ಒಣ ಹಾಳೆಯಲ್ಲಿ ಅವು ಕಂಡಿರಲೇ ಇಲ್ಲ. ಎರಡನೇ ಹಾಳೆ ತೆಗೆದೆ, ಅದೂ ಹಾಗೇ. ಇಡೀ ಕಟ್ಟು ಹಾಗೇ. ವರ್ಷವಿಡೀ ಕಾಸು ಕೂಡಿಸಿ ತಂದ ಕಾಗದ ಅದು.

ಕಾಗದದ ತಪ್ಪಲ್ಲ. ಜಲವರ್ಣದ ಒಳ್ಳೆ ಕಾಗದಕ್ಕೆ ಜೆಲಟಿನ್‌ನಂಥ ಲೇಪ ಕೊಟ್ಟಿರುತ್ತಾರೆ. ಬಣ್ಣ ತಟ್ಟನೆ ಒಳಗೆ ಇಂಗದೆ ಮೇಲೆಯೇ ನಿಂತು ಆಡುವುದು ಆ ಲೇಪದಿಂದ. ತೇವ ಹಿಡಿದರೆ ಬೂಷ್ಟು ತಿನ್ನುವುದು ಅದನ್ನೇ. ಲೇಪ ಹೋದ ಕಡೆ ಕಾಗದ ಬಣ್ಣವನ್ನು ಹೀರಿಕೊಂಡು ಚುಕ್ಕೆ ಆಗುತ್ತದೆ. ನಾನು ಆ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟಿದ್ದೆ, ಹೊರಗೋಡೆಗೆ ಒರಗಿಸಿದ್ದೆ, ಅದೂ ನೆಲದ ಮೇಲೆ. ಮೂರೂ ತಪ್ಪು.

ಅವತ್ತು ನಾನು ಸುಮ್ನೆ ಕುಳಿತಿದ್ದನ್ನು ನೋಡಿ ನಮ್ಮ ಅತ್ತೆ ಹತ್ತಿರ ಬಂದರು. ಹಾಳೆಯನ್ನು ಮುಟ್ಟಿ ನೋಡಿದರು. "ನೋಡವಾ, ಕಾಳು-ಕಡಿ ಹೆಂಗ ಇಡ್ತೀವಿ? ಮೊದಲ ಬಿಸಲಿಗೆ ಹಾಕ್ತೀವಿ, ಹಸನ ಮಾಡ್ತೀವಿ, ಆಮ್ಯಾಲೆ ತುಂಬ್ತೀವಿ. ನೀ ಹಂಗs ತುಂಬಿಟ್ಟಿ" ಅಂದರು.

ಅಲ್ಲಿಂದ ನನ್ನ ಬಣ್ಣದ ಕೋಣೆ ಬದಲಾಯಿತು. ಒಣಗಿಸುವುದು, ಹಸನು ಮಾಡುವುದು, ತುಂಬುವುದು. ಈ ಲೇಖನವೂ ಅದೇ ಸಾಲಿನಲ್ಲಿ ಹೋಗುತ್ತದೆ. ನಮ್ಮ ಕಡೆ ಮನೆಯಲ್ಲೇ ಕುಳಿತು ಚಿತ್ರ ಬರೆಯುವವರು ಕಡಿಮೆ ಇಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರು ಕಟ್ಟಿದ ಕಲಾ ಶಾಲೆಗಳಿಂದ ಎಷ್ಟು ಮನೆಗಳಿಗೆ ಬ್ರಷ್ ಬಂತೋ ಲೆಕ್ಕವಿಲ್ಲ. ಆದರೆ ಸಾಮಾನು ಇಡುವ ಬಗ್ಗೆ ಸಿಗುವ ಸಲಹೆ ಎಲ್ಲಾ ಬೇರೆ ಹವೆಯ ಊರುಗಳದ್ದು. ನಮ್ಮ ಮಳೆ, ನಮ್ಮ ಧೂಳು, ನಮ್ಮ ಗೆದ್ದಲಿಗೆ ತಕ್ಕ ಹಾಗೆ ಯಾರಾದರೂ ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು: ಎಲ್ಲಾ ಹೊರಗೆ

ಕೆಲಸ ಶುರು ಮಾಡಲು ಮೇ ತಿಂಗಳೇ ಸರಿ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7, 8ರ ಹೊತ್ತಿಗೆ. ಅದಕ್ಕೆ ಮೊದಲು ಗಾಳಿ ಒಣದಾಗಿರುವಾಗ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೋಣೆಯ ಒಂದೊಂದು ಸಾಮಾನನ್ನೂ ಹೊರಗೆ ತಂದಿಡಿ. ಅರ್ಧ ಕೋಣೆ ಇವತ್ತು, ಅರ್ಧ ನಾಳೆ ಮಾಡಬೇಡಿ. ಎಲ್ಲಾ ಒಟ್ಟಿಗೆ ಕಣ್ಣಿಗೆ ಬಿದ್ದಾಗಲೇ ಗೊತ್ತಾಗುವುದು ಬಿಳಿ ಬಣ್ಣದ ಟ್ಯೂಬ್ ನಾಲ್ಕು ಇವೆ, ಕಡು ನೀಲಿ ಒಂದೂ ಇಲ್ಲ ಅಂತ.

ಟ್ರಂಕು, ಡಬ್ಬಿ, ಮರದ ಹಲಗೆ, ಬಟ್ಟೆ ಚೀಲ ಇವೆಲ್ಲ ಬಿಸಿಲಿಗೆ. ಕಾಗದ ಮಾತ್ರ ಬಿಸಿಲಿಗೆ ಬೇಡ. ನೇರ ಬಿಸಿಲಿಗೆ ಹಾಳೆ ಸುರುಳಿ ಏಳುತ್ತದೆ, ಬಣ್ಣದ ಹಾಳೆಯಾದರೆ ಮಾಸುತ್ತದೆ. ಅದನ್ನು ನೆರಳಲ್ಲಿ, ಫ್ಯಾನಿನ ಕೆಳಗೆ, ಒಂದರ ಮೇಲೊಂದು ಬೀಳದ ಹಾಗೆ ಹರಡಿ ಒಂದು ಇಡೀ ದಿನ ಬಿಡಿ. ಬಣ್ಣದ ಟ್ಯೂಬ್‌ಗಳಿಗೂ ನೆರಳೇ. ಸ್ಪ್ರೇ ಡಬ್ಬಿಗಳನ್ನಂತೂ ಬಿಸಿಲಿಗೆ ಒಯ್ಯಲೇಬಾರದು. ಅವುಗಳೊಳಗೆ ಒತ್ತಡ ಇರುತ್ತದೆ, 50 ಡಿಗ್ರಿ ದಾಟಬಾರದು ಅಂತ ಡಬ್ಬಿಯ ಮೇಲೆಯೇ ಬರೆದಿರುತ್ತದೆ.

ಹಸನು ಮಾಡುವುದು

ಕಾಳಿನಲ್ಲಿ ಕಲ್ಲು, ಹೊಟ್ಟು, ಹುಳ ಬಿದ್ದದ್ದು ಬೇರೆ ಬೇರೆ ತೆಗೆಯುತ್ತೇವಲ್ಲ, ಇಲ್ಲೂ ಹಾಗೇ. ಒಂದೊಂದನ್ನೂ ಕೈಗೆ ತಗೊಂಡು ನೋಡಬೇಕು.

ಗಟ್ಟಿಯಾದ ಟ್ಯೂಬ್ ಕಂಡ ತಕ್ಷಣ ಎಸೆಯಬೇಡಿ. ಯಾವ ಬಣ್ಣ ಅನ್ನುವುದರ ಮೇಲಿದೆ. ಜಲವರ್ಣ, ಇಲ್ಲವೇ ಗ್ವಾಷ್ ಅನ್ನುವ ದಟ್ಟ ಜಲವರ್ಣ ಆಗಿದ್ದರೆ ಟ್ಯೂಬನ್ನು ಬ್ಲೇಡಿನಿಂದ ಸೀಳಿ, ಒಳಗಿನ ಗಟ್ಟಿಯನ್ನು ಸಣ್ಣ ಮುಚ್ಚಳಕ್ಕೆ ಹಾಕಿ ನೀರು ತಾಗಿಸಿ. ಅದರ ಅಂಟು ನೀರಿಗೆ ಮತ್ತೆ ಕರಗುತ್ತದೆ, ಬಣ್ಣ ಮೊದಲಿನ ಹಾಗೇ ಸಿಗುತ್ತದೆ. ಅಕ್ರಿಲಿಕ್ ಒಮ್ಮೆ ಗಟ್ಟಿಯಾಯಿತು ಅಂದರೆ ಮುಗೀತು, ಅದು ಪ್ಲಾಸ್ಟಿಕ್. ತೈಲವರ್ಣದ ಟ್ಯೂಬ್ ಬಾಯಿ ಹತ್ತಿರ ಮಾತ್ರ ಗಟ್ಟಿಯಾಗಿ ಒಳಗೆ ಮೆತ್ತಗೆ ಇರುವುದುಂಟು. ಹಿಂದಿನಿಂದ ಸೀಳಿ ನೋಡಿ.

ಮುಚ್ಚಳ ಬಿಗಿ ಹಿಡಿದಿದ್ದರೆ ಹಲ್ಲಿನಿಂದ ಕಚ್ಚುವ ಅಭ್ಯಾಸ ಬಹಳ ಜನರಿಗಿದೆ. ದಯವಿಟ್ಟು ಬಿಡಿ. ಕ್ಯಾಡ್ಮಿಯಂ, ಕೋಬಾಲ್ಟ್, ಸೀಸ ಇರುವ ಬಣ್ಣಗಳಿವೆ. ಮುಚ್ಚಳವನ್ನು ಒಂದು ನಿಮಿಷ ಬಿಸಿನೀರಲ್ಲಿ ಅದ್ದಿ ಬಟ್ಟೆ ಹಿಡಿದು ತಿರುವಿದರೆ ಬಿಡುತ್ತದೆ. ಮುಚ್ಚುವಾಗ ಬಾಯಿಯ ಸುತ್ತ ಒರೆಸಿ ಮುಚ್ಚಿದರೆ ಆ ತೊಂದರೆಯೇ ಬರುವುದಿಲ್ಲ.

ಪೋಸ್ಟರ್ ಬಣ್ಣದ ಬಾಟಲಿ ವಾಸನೆ ಬರುತ್ತಿದ್ದರೆ, ಮೇಲೆ ಬೂಷ್ಟಿನ ಪೊರೆ ಇದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಪಕ್ಕದ ಬಾಟಲಿಗೂ ಹತ್ತುತ್ತದೆ.

ಕೋಣೆಯನ್ನು ಓದಿಕೊಳ್ಳಿ

ಖಾಲಿ ಕೋಣೆಯಲ್ಲಿ ಒಂದು ಹೊತ್ತು ಸುಮ್ನೆ ನಿಂತು ನೋಡಿ. ಯಾವ ಗೋಡೆಗೆ ಮಳೆ ಹೊಡೆಯುತ್ತದೆ? ನಮ್ಮ ಕಡೆ ಮುಂಗಾರು ಬರುವುದು ಪಡುವಣದಿಂದ, ನೈಋತ್ಯದಿಂದ. ಆ ಮಗ್ಗುಲಿನ ಹೊರಗೋಡೆಯಲ್ಲಿ ಸುಣ್ಣ ಉಬ್ಬಿ ಉದುರಿದ್ದರೆ ಅಲ್ಲಿ ಕಾಗದವೂ ಬೇಡ, ಕ್ಯಾನ್ವಾಸೂ ಬೇಡ. ಹಂಚಿನ ಮನೆಯಾದರೆ ಎಲ್ಲೆಲ್ಲಿ ಸೋರಿದ ಕಲೆ ಇದೆ ನೋಡಿಕೊಳ್ಳಿ, ಹಂಚು ತಿರುವಿ ಹಾಕಿಸುವುದಿದ್ದರೆ ಈಗಲೇ ಹಾಕಿಸಿ. ಗೋಡೆಯ ಮೇಲೆ ಮಣ್ಣಿನ ಸಣ್ಣ ದಾರಿ ಕಂಡರೆ ಅದು ಗೆದ್ದಲು. ಅದಕ್ಕೆ ಔಷಧ ಮಾಡಿಸದೆ ಕೋಣೆ ತುಂಬಬೇಡಿ.

ಊರಿನಿಂದ ಊರಿಗೆ ಚಿಂತೆ ಬೇರೆ. ಧಾರವಾಡ ಮಲೆನಾಡಿನ ಅಂಚು. ಇಲ್ಲಿ ಮೊದಲ ಶತ್ರು ತೇವ. 20 ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಧೂಳು ಜಾಸ್ತಿ. ಗದಗಿನ ಕಡೆ ಒಣ ಗಾಳಿ, ಎರೆಮಣ್ಣಿನ ಸಣ್ಣ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನವರು ಧಾರವಾಡದ ಹಾಗೆ ಯೋಚಿಸಬೇಕು, ರಾಣೆಬೆನ್ನೂರಿನವರು ಗದಗಿನ ಹಾಗೆ. ತೇವದ ಊರಿನಲ್ಲಿ ಗಾಳಿ ಆಡಬೇಕು, ಧೂಳಿನ ಊರಿನಲ್ಲಿ ಮುಚ್ಚಳ ಗಟ್ಟಿ ಇರಬೇಕು.

ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈ ಕೋಣೆಗೆ ನಾನು ಕೊಂಡ ಸಾಮಾನುಗಳಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಕಾಗದಕ್ಕೆ ಶೇಕಡಾ 40ರಿಂದ 55 ಇದ್ದರೆ ಹಿತ. ದಿನಗಟ್ಟಲೆ 65 ದಾಟಿ ನಿಂತರೆ ಬೂಷ್ಟಿಗೆ ದಾರಿ. ಜುಲೈಯಲ್ಲಿ ನಮ್ಮ ಕೋಣೆಯಲ್ಲಿ ಅದು 80ರ ಮೇಲೆ ತೋರಿಸುತ್ತದೆ. ಇಡೀ ಕೋಣೆಯನ್ನು ಒಣಗಿಸುವುದು ನಮ್ಮ ಕೈಲಿ ಆಗದ ಮಾತು. ಆದರೆ ಒಂದು ಟ್ರಂಕನ್ನು ಒಣದಾಗಿ ಇಡಬಹುದು.

ಕಾಗದ

ಆದ್ದರಿಂದ ಟ್ರಂಕಿನಿಂದಲೇ ಶುರು ಮಾಡೋಣ. ತಗಡಿನ ಹಳೇ ಟ್ರಂಕು ಬಹಳ ಮನೆಗಳ ಅಟ್ಟದ ಮೇಲೆ ಇದ್ದೇ ಇರುತ್ತದೆ. ಜಲವರ್ಣದ ಪೂರ್ತಿ ಹಾಳೆ 22 ಇಂಚು ಅಗಲ, 30 ಇಂಚು ಉದ್ದ. ಅದು ಮಲಗುವಷ್ಟು ದೊಡ್ಡ ಟ್ರಂಕು ಇಲ್ಲದಿದ್ದರೆ ಹಾಳೆಯನ್ನು ಅರ್ಧ ಮಾಡಿ 15 ಇಂಚು, 22 ಇಂಚಿನ ತುಂಡು ಮಾಡಿ ಇಡಿ. ಸುತ್ತಿ ಇಡುವುದಕ್ಕಿಂತ ಅರ್ಧ ಮಾಡುವುದು ಮೇಲು. 300 ಜಿಎಸ್‌ಎಂನಂಥ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಸುತ್ತಿಟ್ಟರೆ ಮತ್ತೆ ನೆಟ್ಟಗಾಗಲು ಹಟ ಮಾಡುತ್ತದೆ.

ಟ್ರಂಕನ್ನು ನೆಲಕ್ಕೆ ಇಡಬೇಡಿ. ನಮ್ಮ ಹಳೇ ಮನೆಗಳ ಕಲ್ಲಿನ ನೆಲ ಮಳೆಗಾಲದಲ್ಲಿ ಬೆವರುತ್ತದೆ. ನಾಲ್ಕು ಇಟ್ಟಿಗೆ, ಮೇಲೆ ಎರಡು ಮರದ ಪಟ್ಟಿ, ಅದರ ಮೇಲೆ ಟ್ರಂಕು. ಗೋಡೆಯಿಂದ ನಾಲ್ಕು ಬೆರಳು ದೂರ. ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೂ ಕಾಣುತ್ತದೆ.

ತಗಡು ಕೂಡ ಒಳಗೆ ಬೆವರಬಹುದು. ಅದಕ್ಕೇ ಒಳಗೆಲ್ಲ ಹತ್ತಿ ಬಟ್ಟೆಯ ಅಸ್ತರಿ ಹಾಸಿ. ನಾನು ಗರಗದ ಖಾದಿ ಹಾಸಿದ್ದೇನೆ. ರಾಷ್ಟ್ರಧ್ವಜಕ್ಕೆ ಬಟ್ಟೆ ನೇಯುವ ಊರು ಅದು, ಧಾರವಾಡದಿಂದ ದೂರವಿಲ್ಲ. ಒರಟು ಖಾದಿ ತೇವ ಹೀರುತ್ತದೆ, ಬಿಸಿಲಿಗೆ ಹಾಕಿದರೆ ಬಿಟ್ಟುಕೊಡುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಗಂಜಿ ಹಾಕದೆ ಹಾಸಿ. ಗಂಜಿ ಇದ್ದರೆ ಬೆಳ್ಳಿಹುಳಕ್ಕೆ ಊಟ.

ಸುತ್ತಲು ಸುದ್ದಿಪತ್ರಿಕೆ ಬೇಡ. ಅದು ಅಗ್ಗದ ಮರದ ತಿರುಳಿನ ಕಾಗದ, ಅದರಲ್ಲಿ ಆಮ್ಲ ಇರುತ್ತದೆ. ವರ್ಷ ಒಪ್ಪತ್ತಿನಲ್ಲಿ ತಾನೂ ಹಳದಿಯಾಗಿ ತಾಗಿದ್ದನ್ನೂ ಹಳದಿ ಮಾಡುತ್ತದೆ. ಇನ್ನೊಂದು, ನಮ್ಮ ಊರಿನವರೇ ಮಾಡುವ ತಪ್ಪು: ಖಾಲಿ ಪೇಡೆ ಬಾಕ್ಸ್. ಅಳತೆಗೆ ಚಂದ ಇರುತ್ತದೆ, ಮನೆಯಲ್ಲಿ ರಾಶಿ ಇರುತ್ತದೆ. ಆದರೆ ಆ ರಟ್ಟಿಗೆ ಜಿಡ್ಡು ಇಳಿದಿರುತ್ತದೆ. ಸಣ್ಣ ಸ್ಕೆಚ್ ಹಾಳೆಗಳನ್ನು ಒಂದು ಬಾಕ್ಸಿನಲ್ಲಿ ಇಟ್ಟಿದ್ದೆ, ಮೂಲೆ ಮೂಲೆಗೆ ಎಣ್ಣೆ ಕಲೆ ಬಿತ್ತು, ಸಕ್ಕರೆ ವಾಸನೆಗೆ ಇರುವೆ ಬೇರೆ. ಕ್ಲಿಪ್ಪು, ಗುಂಡುಪಿನ್ನು ಇಡಲು ಒರೆಸಿ ಬಳಸಿ. ಕಾಗದಕ್ಕೆ ಬೇಡ.

ಪ್ಲಾಸ್ಟಿಕ್ ಚೀಲ ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವವರಿದ್ದಾರೆ. ಯಾವಾಗ ಮುಚ್ಚಿದಿರಿ ಅನ್ನುವುದೇ ಮುಖ್ಯ. ಮೇ ತಿಂಗಳಲ್ಲಿ ಕಾಗದ ಒಣಗಿ ಗರಿಗರಿ ಇದ್ದಾಗ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹಾಕಿ ಬಾಯಿ ಅಂಟಿಸಿದರೆ ಮಳೆಗಾಲ ಪೂರ್ತಿ ಅದು ಒಣದಾಗಿಯೇ ಇರುತ್ತದೆ. ಜುಲೈಯಲ್ಲಿ ಅಂಗಡಿಯಿಂದ ತಂದದ್ದನ್ನು ಹಾಗೇ ಬಿಗಿದರೆ ತೇವವನ್ನೇ ಒಳಗೆ ಕಟ್ಟಿಹಾಕಿದ ಹಾಗೆ. ನನ್ನ ಕೆರೆಯ ಚಿತ್ರ ಹಾಳಾದದ್ದು ಹೀಗೆ. ಮಳೆಗಾಲದಲ್ಲಿ ಕಾಗದ ಕೊಳ್ಳಲೇಬೇಕಾದರೆ ಬೇಕಾದಷ್ಟೇ ಕೊಳ್ಳಿ, ಬಟ್ಟೆಯಲ್ಲಿ ಸುತ್ತಿ ಇಡಿ.

ಟ್ರಂಕಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಶೂ ಡಬ್ಬಿಯಲ್ಲಿ ಬರುವ ಒಂದೆರಡು ಪುಟ್ಟ ಪೊಟ್ಟಣದಿಂದ ಏನೂ ಆಗುವುದಿಲ್ಲ. ಟ್ರಂಕಿಗೆ ಅರ್ಧ ಕಿಲೋ ಬೇಕು. ಬಣ್ಣ ಬದಲಾಯಿಸುವ ಜಾತಿ ತಂದರೆ ತೇವ ತುಂಬಿದ್ದು ಕಣ್ಣಿಗೆ ಕಾಣುತ್ತದೆ. ನೀಲಿ ಇದ್ದು ಗುಲಾಬಿ ಆಗುವುದರಲ್ಲಿ ಕೋಬಾಲ್ಟ್ ಉಪ್ಪು ಇರುತ್ತದೆ, ಅದು ದೇಹಕ್ಕೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ್ದನ್ನು ಆರಿಸಿಕೊಳ್ಳಿ. ತುಂಬಿದ ಜೆಲ್ಲನ್ನು ಸುಮಾರು 110 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಒಣಗುತ್ತದೆ. ಅಡುಗೆಯ ಪಾತ್ರೆ ಇದಕ್ಕೆ ಬಳಸಬೇಡಿ.

ಹುಳಕ್ಕೆ ನಮ್ಮ ಅತ್ತೆ ಬೇವಿನ ಎಲೆ, ಬಜೆಯ ತುಂಡು ಹಾಕುತ್ತಾರೆ. ಬಟ್ಟೆಗೆ, ಪುಸ್ತಕಕ್ಕೆ ಹಾಕುವ ಹಳೇ ಪದ್ಧತಿ ಅದು. ಚೆನ್ನಾಗಿ ಒಣಗಿದ ಎಲೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಿ. ಎಲೆ ನೇರ ಕಾಗದಕ್ಕೆ ತಾಗಿದರೆ ಕಂದು ಕಲೆ ಬೀಳುತ್ತದೆ. ನುಸಿಗುಳಿಗೆ, ಅಂದರೆ ನಮ್ಮ ಕಡೆಯ ಡಾಂಬರ ಗುಳಿಗೆ, ಸಣ್ಣ ಮಕ್ಕಳಿರುವ ಮನೆಯಲ್ಲಿ ನಾನು ಬೇಡ ಅನ್ನುತ್ತೇನೆ. ಮಿಠಾಯಿ ಅಂತ ಬಾಯಿಗೆ ಹಾಕಿಕೊಂಡರೆ ಅಪಾಯ.

ಅಚ್ಚುಮೊಳೆಯ ಖಾನೆ

ಸಣ್ಣ ಸಾಮಾನಿಗೆ ನನ್ನ ಹತ್ತಿರ ಇರುವ ಅತ್ಯಂತ ಪ್ರೀತಿಯ ವಸ್ತು ಗದಗಿನಿಂದ ಬಂದದ್ದು. ಗದಗ ಮುದ್ರಣಕ್ಕೆ ಹೆಸರಾದ ಊರು. ಲೋಹದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿದಾಗ ಆ ಮೊಳೆಗಳನ್ನು ಇಡುತ್ತಿದ್ದ ಪ್ರೆಸ್ಸುಗಳ ಮರದ ಕೇಸುಗಳು ಗುಜರಿಗೆ ಬಂದವು. ಈಗಲೂ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕಿದರೆ ಒಂದೊಂದು ಸಿಗುತ್ತದೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲಾ ಬೇರೆ ಬೇರೆ ಮೊಳೆ ಬೇಕಿದ್ದರಿಂದ ಆ ಕೇಸಿನಲ್ಲಿ ಖಾನೆಗಳೂ ಜಾಸ್ತಿ. ದೊಡ್ಡವು ಅಂಗೈ ಅಗಲ, ಸಣ್ಣವು ಎರಡು ಬೆರಳು ಹಿಡಿಯುವಷ್ಟು.

ನಾನು ತಂದ ಕೇಸು ಕಪ್ಪಾಗಿ ಹೊಳೆಯುತ್ತಿತ್ತು. ಮುಂದಿನ ಅಂಚು, ಜೋಡಿಸುವವರ ಕೈ ತಾಗಿ ತಾಗಿ, ನುಣ್ಣಗೆ ಸವೆದಿತ್ತು. ಮೂಗು ಹತ್ತಿರ ಒಯ್ದರೆ ಮಸಿ, ಸೀಮೆಎಣ್ಣೆ ಕೂಡಿದ ವಾಸನೆ. ಒಂದು ಖಾನೆಯ ಮೂಲೆಯಲ್ಲಿ ಒಂದೇ ಒಂದು ಮೊಳೆ ಸಿಕ್ಕಿಕೊಂಡಿತ್ತು, ಕನ್ನಡಿಯಲ್ಲಿ ಕಂಡಂತೆ ತಿರುಗಿದ ‘ಳ’. ಅದನ್ನು ಹಾಗೇ ಒಂದು ಗಾಜಿನ ಶೀಶೆಯಲ್ಲಿ ಹಾಕಿ ಮುಚ್ಚಿಟ್ಟಿದ್ದೇನೆ.

ಆದರೆ ಒಂದು ಎಚ್ಚರಿಕೆ. ಮೊಳೆಗಳನ್ನು ಎರೆಯುತ್ತಿದ್ದದ್ದು ಸೀಸ, ತವರ, ಆಂಟಿಮನಿ ಕೂಡಿಸಿ. ಖಾನೆಯ ತಳದ ಬೂದಿಯಂಥ ಧೂಳಿನಲ್ಲಿ ಸೀಸ ಇರುತ್ತದೆ. ಒಣ ಬಟ್ಟೆಯಿಂದ ಕೊಡವಬೇಡಿ, ಊದಬೇಡಿ. ಮನೆಯ ಹೊರಗೆ ಇಟ್ಟು, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದು ಖಾನೆ ಒರೆಸಿ. ಆ ಬಟ್ಟೆಯನ್ನು ಮತ್ತೆ ಬಳಸಬೇಡಿ. ಪೂರ್ತಿ ಒಣಗಿದ ಮೇಲೆ ಎರಡು ಕೋಟು ವಾರ್ನಿಶ್ ಹಚ್ಚಿ. ಮಕ್ಕಳ ಕ್ರೇಯಾನ್ ಇಡಲು ಈ ಕೇಸು ಬೇಡವೇ ಬೇಡ.

ಈಗ ಅದರಲ್ಲಿ ಜಲವರ್ಣದ ಚಿಕ್ಕ ಟ್ಯೂಬ್‌ಗಳು ಬಣ್ಣದ ಸಾಲಿನಲ್ಲಿ ಮಲಗಿವೆ. ಸಣ್ಣ ಖಾನೆಗಳಲ್ಲಿ ನಿಬ್ಬು, ಇದ್ದಿಲಿನ ತುಂಡು, ರಬ್ಬರು, ಕ್ಲಿಪ್ಪು. ಜೇನು ಬೆರೆಸಿದ ಜಲವರ್ಣ ಇದ್ದರೆ ಮಾತ್ರ ಹೀಗೆ ತೆರೆದಿಡಬೇಡಿ, ಇರುವೆ ಸಾಲು ಕಟ್ಟುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಅಕ್ರಿಲಿಕ್, ತೈಲವರ್ಣದ ದೊಡ್ಡ ಟ್ಯೂಬ್ ಇದರಲ್ಲಿ ಹಿಡಿಸುವುದಿಲ್ಲ. ಅವುಗಳನ್ನು ಮುಚ್ಚಳ ಕೆಳಗೆ ಮಾಡಿ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ. ಬಣ್ಣ ಬಾಯಿಯ ಕಡೆಗೆ ಇಳಿದಿರುತ್ತದೆ, ಒಳಗಿನ ಗಾಳಿ ಹಿಂದೆ ಸರಿಯುತ್ತದೆ. ಒಂದು ಲೋಟಕ್ಕೆ ಒಂದು ಬಣ್ಣದ ಬಳಗ: ಕೆಂಪು-ಹಳದಿ ಒಂದು, ನೀಲಿ-ಹಸಿರು ಒಂದು, ಮಣ್ಣಿನ ಬಣ್ಣಗಳು ಒಂದು. ಆ ಲೋಟಗಳು ಮತ್ತೆ ಅಡುಗೆಮನೆಗೆ ಹೋಗಬಾರದು. ತಳಕ್ಕೆ ಕೆಂಪು ಗುರುತು ಹಾಕಿಬಿಡಿ, ಅಪ್ಪಿತಪ್ಪಿ ಯಾರೂ ಚಹಾ ಹಾಕಿಕೊಳ್ಳದ ಹಾಗೆ.

ಪೇಸ್ಟಲ್, ಅಂದರೆ ಸೀಮೆಸುಣ್ಣದಂಥ ಒಣ ಬಣ್ಣದ ಕಡ್ಡಿ, ಇದ್ದವರಿಗೆ ಒಂದು ಮಾತು. ಕಡ್ಡಿಗಳು ಒಂದಕ್ಕೊಂದು ತಿಕ್ಕಿ ಎಲ್ಲಾ ಬೂದಾಗಿರುತ್ತವೆ. ಒಂದು ಡಬ್ಬಿಗೆ ಅಕ್ಕಿ ತರಿ ಹಾಕಿ, ಕಡ್ಡಿಗಳನ್ನು ಅದರಲ್ಲಿ ಹುದುಗಿಸಿ ಮೆಲ್ಲಗೆ ಅಲುಗಾಡಿಸಿ. ತರಿ ಧೂಳನ್ನೆಲ್ಲ ಎಳೆದುಕೊಂಡು ಕಡ್ಡಿಯ ಸ್ವಂತ ಬಣ್ಣ ಹೊರಬರುತ್ತದೆ. ಕೆಲಸ ಆದ ಮೇಲೆ ತರಿಯನ್ನು ಕಸಕ್ಕೆ ಹಾಕಿ, ಮಳೆಗಾಲದಲ್ಲಿ ಅದಕ್ಕೆ ಹುಳ ಬೀಳುತ್ತದೆ. ಹಕ್ಕಿಗೂ ಹಾಕಬೇಡಿ, ಅದರಲ್ಲಿ ಬಣ್ಣ ಸೇರಿರುತ್ತದೆ.

ಬ್ರಷ್

ತೊಳೆದ ಬ್ರಷ್ ಅನ್ನು ಆಗಲೇ ಲೋಟದಲ್ಲಿ ನಿಲ್ಲಿಸಿದರೆ ನೀರು ತಗಡಿನ ಕಟ್ಟಿನೊಳಗೆ ಇಳಿಯುತ್ತದೆ. ಒಳಗೆ ಮರ ಉಬ್ಬುತ್ತದೆ, ಅಂಟು ಬಿಡುತ್ತದೆ, ಒಂದು ದಿನ ತಲೆ ಕಳಚಿ ಕೈಗೆ ಬರುತ್ತದೆ. ಮೊದಲು ಅಡ್ಡ ಮಲಗಿಸಿ, ತಲೆ ಮೇಜಿನ ಅಂಚಿನಿಂದ ಹೊರಗೆ ಚಾಚಿರಲಿ. ಮರುದಿನ ಕೂದಲು ಮೇಲೆ ಮಾಡಿ ನಿಲ್ಲಿಸಿ.

ಹಂದಿ ಕೂದಲು, ಸೇಬಲ್‌ನಂಥ ಪ್ರಾಣಿ ಕೂದಲಿನ ಬ್ರಷ್ ವಾರಗಟ್ಟಲೆ ಮುಟ್ಟದೆ ಬಿಟ್ಟರೆ ಹುಳ ತಿನ್ನುತ್ತದೆ. ಸೋಪು ಹಾಕಿ ಚೊಕ್ಕ ತೊಳೆದು, ಪೂರ್ತಿ ಒಣಗಿಸಿ, ಬಿದಿರಿನ ಚಾಪೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ದಿನಾ ಬಳಸುವ ಐದಾರು ಮಾತ್ರ ಹೊರಗೆ ಇರಲಿ.

ಟರ್ಪೆಂಟೈನ್, ಎಣ್ಣೆ ಬಟ್ಟೆ

ಈ ಭಾಗವನ್ನು ದಯವಿಟ್ಟು ಓದದೆ ದಾಟಬೇಡಿ. ತೈಲವರ್ಣ ಬಳಸುವ ಮನೆಯಲ್ಲಿ ಕಾಗದ ಹಾಳಾದರೆ ದುಡ್ಡು ಹೋಗುತ್ತದೆ. ಇಲ್ಲಿ ತಪ್ಪಿದರೆ ಮನೆಯೇ ಹೋಗಬಹುದು.

ತೈಲವರ್ಣ ತೆಳು ಮಾಡಲು ಬಳಸುವ ಟರ್ಪೆಂಟೈನ್ ಆವಿ ಸುಮಾರು 35 ಡಿಗ್ರಿ ಶಾಖಕ್ಕೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಊರುಗಳಲ್ಲಿ ಅಷ್ಟು ಬಿಸಿ ಸಾಮಾನ್ಯ. ಬಹಳ ಮನೆಗಳಲ್ಲಿ ಬಣ್ಣದ ಮೂಲೆ ಇರುವುದು ದೇವರ ಕೋಣೆಯ ಪಕ್ಕ, ಇಲ್ಲವೇ ಅಡುಗೆಮನೆಗೆ ಹತ್ತಿಕೊಂಡು. ದೀಪ, ಗ್ಯಾಸ್ ಒಲೆ, ಊದುಬತ್ತಿ ಇರುವ ಕಡೆಯಿಂದ ಅದನ್ನು ಬೇರೆ ಕೋಣೆಗೆ ಒಯ್ಯಿರಿ. ದೊಡ್ಡ ಡಬ್ಬಿ ಕೊಳ್ಳಬೇಡಿ, ಅರ್ಧ ಲೀಟರ್ ಸಾಕು. ಗಾಜಿನ ಬಾಟಲಿ ಅಥವಾ ಅದು ಬಂದ ಲೋಹದ ಡಬ್ಬಿಯಲ್ಲೇ ಇರಲಿ. ಕೆಲವು ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ. ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ಸುರಿಯಬೇಡಿ. ಎತ್ತರದ, ನೆರಳಿನ, ಬೀಗ ಹಾಕುವ ಕಪಾಟು ಇದಕ್ಕೆ ಸರಿ.

ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಹತ್ತಿದ ಬಟ್ಟೆಯದು ಇನ್ನೂ ಬೇರೆ ಕಥೆ. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದ ಜೊತೆ ಕೂಡಿ. ಹಾಗೆ ಕೂಡುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತುತ್ತದೆ. ಹಸಿ ಹುಲ್ಲು ಬಣವೆ ಒಟ್ಟಿದರೆ ಒಳಗೆ ಕಾಯುವುದು ರೈತರಿಗೆ ಗೊತ್ತು. ಇಲ್ಲಿಯೂ ಬಿಸಿ ಒಳಗೇ ಕೂಡಿಕೊಳ್ಳುವ ಬಗೆ ಅದೇ.

ಅದಕ್ಕೆ ಎರಡು ದಾರಿ ಇವೆ. ಬಟ್ಟೆಯನ್ನು ಬಿಡಿಸಿ, ಹಿತ್ತಲಲ್ಲಿ ಹಗ್ಗದ ಮೇಲೆ ಒಂದೊಂದಾಗಿ ಹರವಿ, ಕಡಕಾಗುವವರೆಗೆ ಒಣಗಿಸಿ ಆಮೇಲೆ ಎಸೆಯುವುದು. ಇಲ್ಲವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿ, ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ಇಡುವುದು. ನಾನು ಎರಡನೆಯದನ್ನೇ ಮಾಡುತ್ತೇನೆ, ಮಳೆಗಾಲದಲ್ಲಿ ಹಗ್ಗದ ಮೇಲೆ ಏನೂ ಒಣಗುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ "ಎಣ್ಣೆ ಬಟ್ಟೆ, ಮುಟ್ಟಬ್ಯಾಡ್ರಿ" ಅಂತ ಬರೆದಿದೆ. ಮಗಳು ಬರೆದದ್ದು.

ಕ್ಯಾನ್ವಾಸ್, ಮುಗಿದ ಚಿತ್ರಗಳು

ಕ್ಯಾನ್ವಾಸ್ ನಿಲ್ಲಿಸಿ ಇಡಿ, ಮಲಗಿಸಿ ಒಂದರ ಮೇಲೊಂದು ಒಟ್ಟಬೇಡಿ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ರಟ್ಟು ಇಟ್ಟರೆ ಒಂದರ ಮೂಲೆ ಇನ್ನೊಂದರ ಬಟ್ಟೆಯನ್ನು ಒತ್ತುವುದಿಲ್ಲ. ಕೆಳಗೆ ಮರದ ಪಟ್ಟಿ ಇರಲೇಬೇಕು. ಆಪೂಸ್ ಹಣ್ಣು ತುಂಬಿ ಬರುವ ಮರದ ಪೆಟ್ಟಿಗೆ ಸಿಕ್ಕರೆ ಒಡೆದು ಪಟ್ಟಿ ಮಾಡಿಕೊಳ್ಳಬಹುದು, ಮೊದಲು ಬಿಸಿಲಿಗೆ ಹಾಕಿ ಹುಳ ನೋಡಿ.

ಅಕ್ರಿಲಿಕ್ ಚಿತ್ರ ಒಣಗಿದರೂ ಬಿಸಿಗೆ ಅಂಟುತ್ತದೆ. ಎರಡು ಚಿತ್ರ ತಾಗಿಸಿ ಇಟ್ಟರೆ ಬೇಸಿಗೆಯಲ್ಲಿ ಬಿಡಿಸಲು ಬರುವುದಿಲ್ಲ. ನಡುವೆ ಬೇಕರಿಯವರು ಬಳಸುವ ಸಿಲಿಕೋನ್ ಲೇಪದ ಕಾಗದ ಹಾಕಿ. ಕ್ಯಾನ್ವಾಸ್ ಸುತ್ತಲೇಬೇಕಾದರೆ ಬಣ್ಣ ಹೊರಮೈಗೆ ಬರುವ ಹಾಗೆ, ದಪ್ಪ ಕೊಳವೆಯ ಮೇಲೆ ಸುತ್ತಿ. ಒಳಮೈಗೆ ಸುತ್ತಿದರೆ ಬಣ್ಣ ಮುದುಡಿ ಬಿರಿಯುತ್ತದೆ. ತೈಲಚಿತ್ರವನ್ನು ಕತ್ತಲಲ್ಲಿ ಬಹಳ ದಿನ ಇಟ್ಟರೆ ಎಣ್ಣೆ ಹಳದಿಯಾಗುತ್ತದೆ. ಬೆಳಕಿಗೆ ತಂದರೆ ಬಹುಮಟ್ಟಿಗೆ ತಿಳಿಯಾಗುತ್ತದೆ, ಗಾಬರಿ ಬೇಡ.

ಈಗ ತುಂಬಿ

ಯಾವ ಸಾಮಾನು ಎಲ್ಲಿ ಅನ್ನುವುದನ್ನು ಕಪಾಟಿನ ಮುಂದೆ ನಿಂತು ನಿರ್ಧರಿಸಬೇಡಿ. ಕೆಲಸ ಮಾಡುವ ಕುರ್ಚಿಯಲ್ಲಿ ಕುಳಿತು ನಿರ್ಧರಿಸಿ. ಕೈ ಚಾಚಿದರೆ ಸಿಗುವ ಜಾಗ ದಿನಾ ಬೇಕಾದ್ದಕ್ಕೆ: ಬ್ರಷ್, ಹತ್ತು ಹನ್ನೆರಡು ಬಣ್ಣ, ಒರೆಸುವ ಬಟ್ಟೆ, ನೀರು. ಬಲಗೈಯವರಿಗೆ ಬಲಕ್ಕೆ, ಎಡಗೈಯವರಿಗೆ ಎಡಕ್ಕೆ. ನೀರಿನ ಪಾತ್ರೆ ಕಾಗದದ ಆಚೆ ಇರಬಾರದು, ಬ್ರಷ್ ಚಿತ್ರದ ಮೇಲಿಂದ ಹಾಯುವಾಗ ಹನಿ ಬೀಳುತ್ತದೆ. ಎದ್ದು ಎರಡು ಹೆಜ್ಜೆ ಹೋಗಿ ತರುವಂಥದ್ದು ವಾರಕ್ಕೊಮ್ಮೆ ಬೇಕಾಗುವುದು. ಅಟ್ಟಕ್ಕೆ ಹೋಗುವುದು ವರ್ಷಕ್ಕೊಮ್ಮೆ ಬೇಕಾಗುವುದು ಮಾತ್ರ.

ಹಳೇ ಮನೆಯಾದರೆ ಗೋಡೆಯ ಮಾಡ, ಗಿಳಿಗೂಟ ಇದ್ದೇ ಇರುತ್ತವೆ. ಗಿಳಿಗೂಟಕ್ಕೆ ಏಪ್ರನ್, ಹೊರಗೆ ಹೋಗಿ ಚಿತ್ರ ಬರೆಯುವ ಚೀಲ. ಮಾಡದಲ್ಲಿ ಮಸಿ ಬಾಟಲಿ, ಅಂಟು. ಮಾಡ ಇರುವುದು ಹೊರಗೋಡೆಯಲ್ಲಾದರೆ ಅಲ್ಲಿ ಗಾಜು, ಸ್ಟೀಲ್ ಮಾತ್ರ.

ಪ್ರತಿ ಡಬ್ಬಿಗೂ ಚೀಟಿ ಹಚ್ಚಿ. ಚೀಟಿಯಲ್ಲಿ ಹೆಸರಿನ ಜೊತೆ ತಂದ ತಿಂಗಳೂ ಇರಲಿ. ಪಾರದರ್ಶಕ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣದ ಬಣ್ಣವನ್ನು ಮರೆತು ಮತ್ತೆ ಅದನ್ನೇ ಕೊಳ್ಳುತ್ತೇವೆ. ಒಂದು ಖಾನೆಯನ್ನು ಖಾಲಿ ಬಿಡಿ. ಯಾರಾದರೂ ಹೊಸ ಬಣ್ಣ ತಂದುಕೊಟ್ಟಾಗ ಅದು ಮೇಜಿನ ಮೇಲೆ ಅಲೆಯುವುದು ತಪ್ಪುತ್ತದೆ.

ಮಳೆಗಾಲದಲ್ಲಿ, ಖಂಡೇನವಮಿಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದು ಸುತ್ತು ಬನ್ನಿ. ಹತ್ತು ನಿಮಿಷ ಸಾಕು. ಮೀಟರ್ ನೋಡಿ, ಜೆಲ್ಲಿನ ಬಣ್ಣ ನೋಡಿ, ಕ್ಯಾನ್ವಾಸಿನ ಬೆನ್ನು ಮೂಸಿ ನೋಡಿ. ಬೂಷ್ಟು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ಜಲವರ್ಣದ ಡಬ್ಬಿಯನ್ನು ಕೆಲಸ ಮುಗಿದ ಕೂಡಲೇ ಮುಚ್ಚಬೇಡಿ. ರಾತ್ರಿ ಇಡೀ ಫ್ಯಾನಿನ ಕೆಳಗೆ ತೆರೆದಿಟ್ಟು ಬೆಳಿಗ್ಗೆ ಮುಚ್ಚಿ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಕೋಣೆಯ ಕಿಟಕಿ ತೆರೆಯಿರಿ, ಮಳೆ ಹನಿಯುವಾಗ ತೆರೆಯಬೇಡಿ.

ಖಂಡೇನವಮಿಗೆ ಬ್ರಷ್, ಬಣ್ಣ ಪೂಜೆಗೆ ಇಡುತ್ತೇವೆ. ಅರಿಶಿನ-ಕುಂಕುಮ ಡಬ್ಬಿಯ ಮೇಲೆ ಹಚ್ಚಿ, ಬ್ರಷ್‌ನ ಕೂದಲಿಗೆ, ಕಾಗದದ ಕಟ್ಟಿಗೆ ಬೇಡ. ಆ ಕಲೆ ಹೋಗುವುದಿಲ್ಲ. ಆ ದಿನ ಹೇಗೂ ಎಲ್ಲಾ ಹೊರಗೆ ಬಂದಿರುತ್ತದೆ, ಮಳೆಯೂ ಇಳಿದಿರುತ್ತದೆ. ಟ್ರಂಕು ಖಾಲಿ ಮಾಡಿ ಖಾದಿ ಅಸ್ತರಿಯನ್ನು ಬಿಸಿಲಿಗೆ ಹಾಕಿ.

ಆಮೇಲೆ ಪ್ರತಿ ಕಟ್ಟಿನಿಂದ ಒಂದು ಹಾಳೆ ತೆಗೆದು ಅಂಚಿನಲ್ಲಿ ಬೆರಳಗಲದ ಪಟ್ಟಿ ಕತ್ತರಿಸಿ. ಅದರ ಮೇಲೆ ತಿಳಿ ಬೂದು ಬಣ್ಣ ಒಮ್ಮೆ ಎಳೆಯಿರಿ. ಒಣಗುವವರೆಗೆ ನೋಡಿ. ಚುಕ್ಕೆ ಏಳದಿದ್ದರೆ ಪಟ್ಟಿಯ ಹಿಂದೆ ದಿನಾಂಕ ಬರೆದು ಆ ಕಟ್ಟಿನ ಮೇಲೆಯೇ ಇಡಿ. ಚುಕ್ಕೆ ಎದ್ದರೆ ಆ ಕಟ್ಟನ್ನು ಬೇರೆ ಮಾಡಿ ಚೆನ್ನಾಗಿ ಒಣಗಿಸಿ. ಇದ್ದಿಲು, ಪೆನ್ಸಿಲ್ ಕೆಲಸಕ್ಕೆ ಅದು ಬರುತ್ತದೆ. ಮೇಲೆ ಗೆಸ್ಸೋ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಲೇಪ, ಹಚ್ಚಿಕೊಂಡರೆ ಅಕ್ರಿಲಿಕ್‌ಗೂ ಬರುತ್ತದೆ. ನನ್ನ ಆ ಹತ್ತಿ ಕಾಗದದ ಮೇಲೆ ಕೊನೆಗೆ ಮಗಳು ಇದ್ದಿಲಿನಲ್ಲಿ ಅಜ್ಜಿ ಜೋಳ ಹಸನು ಮಾಡುವ ಚಿತ್ರ ಬರೆದಳು. ಪಡಸಾಲೆಯಲ್ಲಿ, ಒಳಗೋಡೆಗೆ ತೂಗುಹಾಕಿದ್ದೇವೆ.